ಹೋಳಿಗೆ ಹೊಲಿಗೆಯಾದ ಕಥೆ

ಅತ್ತೆಯ ಪತ್ರಗಳಲ್ಲಿ ಹೋಳಿಗೆ ಇದ್ದ ಕಡೆಯೆಲ್ಲ ಹೊಲಿಗೆ ಬಂದು ಕೂತಿತ್ತು. ಹುಳಿ ಇದ್ದಲ್ಲಿ ಹುಲಿ, ರೊಟ್ಟಿ ಇದ್ದಲ್ಲಿ ರೊತ್ತಿ, ಎಣ್ಣೆ ಇದ್ದಲ್ಲಿ ಎನ್ನೆ. ಅಷ್ಟನ್ನೂ ಮಾಡಿದ್ದು ನಾನು ಬರೆದ ಒಂದೇ ಒಂದು ಸಾಲಿನ ಕಂಪ್ಯೂಟರ್ ಪ್ರೋಗ್ರಾಂ. ನಡುವಿನ ಖಾಲಿ ಜಾಗವನ್ನೂ ಸೇರಿಸಿ ಎಣಿಸಿದರೆ ಅದರ ಉದ್ದ 10 ಅಕ್ಷರ.

ಅತ್ತೆ ಅಂದರೆ ಸೋದರತ್ತೆ. ಸಾಗರದ ಕಡೆಯ ಹಳ್ಳಿಯವರು, ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಿವೃತ್ತಿಯ ಮೇಲೆ ಕಂಪ್ಯೂಟರ್ ಕಲಿತರು. 2003ರ ಸುಮಾರಿಗೆ ನಾನು ಕೆಲಸಕ್ಕೆಂದು ದೂರದ ಊರಿನಲ್ಲಿದ್ದಾಗ ವಾರಕ್ಕೊಂದರಂತೆ ಇಮೇಲ್ ಬರೆಯುತ್ತಿದ್ದರು. ಮೊದಲು ಮನೆಯ ಸುದ್ದಿ, ಆಮೇಲೆ ತೋಟದ ಸುದ್ದಿ, ಕೊನೆಗೆ ಒಂದು ಅಡುಗೆ. ಆಗೆಲ್ಲ ಇಮೇಲಿನಲ್ಲಿ ಕನ್ನಡ ಲಿಪಿಯನ್ನೇ ಕಳಿಸಿದರೆ ಈ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೆರೆದುಕೊಳ್ಳುವುದೇ ಹೆಚ್ಚು. ಹಾಗಾಗಿ ಅವರು ಬರಹ ತಂತ್ರಾಂಶದ ಪದ್ಧತಿಯಲ್ಲಿ ರೋಮನ್ ಅಕ್ಷರಗಳಲ್ಲೇ ಕನ್ನಡ ಬರೆದು ಕಳಿಸುತ್ತಿದ್ದರು. ನಾನು ಅದನ್ನು ಬರಹದೊಳಗೆ ಹಾಕಿದರೆ ಕನ್ನಡವಾಗಿ ಅರಳುತ್ತಿತ್ತು.

ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಅದರ ಲಿಪ್ಯಂತರ ಪದ್ಧತಿಯನ್ನು ಬಳಸಿದವರಿಗೆ ನೆನಪಿರುತ್ತದೆ: ಸಣ್ಣ ಎಲ್ ಅಂದರೆ ಲ, ದೊಡ್ಡ ಎಲ್ ಅಂದರೆ ಳ. ಸಣ್ಣ ಎನ್‌ಗೆ ನ, ದೊಡ್ಡದಕ್ಕೆ ಣ. ಸಣ್ಣ ಟಿ ಒತ್ತಿದರೆ ತ, ದೊಡ್ಡ ಟಿ ಒತ್ತಿದರೆ ಟ. ಸಣ್ಣ ಇ ಎ ಆದರೆ ದೊಡ್ಡ ಇ ಏ ಆಗುತ್ತದೆ, ಸಣ್ಣ ಓ ಒ ಆದರೆ ದೊಡ್ಡದು ಓ. ಅನುಸ್ವಾರಕ್ಕೆ ದೊಡ್ಡ ಎಂ. 49 ಅಕ್ಷರಗಳ ನಮ್ಮ ವರ್ಣಮಾಲೆಯನ್ನು 26 ಅಕ್ಷರಗಳ ಲಿಪಿಯೊಳಗೆ ಕೂರಿಸಬೇಕಾದಾಗ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಎರಡನೆಯ ವರ್ಣಮಾಲೆಯಾಗಿ ಒದಗಿ ಬರುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ತಲೆಗೆ, ಹೆಸರಿನ ತಲೆಗೆ ಹಾಕುವ ಪೇಟದಂಥದ್ದು ಅದು. ತೆಗೆದರೂ ತಲೆ ಉಳಿಯುತ್ತದೆ. ಅತ್ತೆಯ ಪತ್ರಗಳಲ್ಲಿ ಅದು ತಲೆಯೇ ಆಗಿತ್ತು.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆ ದಿನ ನನ್ನ ಮನಸ್ಸು ಪತ್ರದ ಮೇಲಿರಲಿಲ್ಲ, ಸಾಲಿನ ಉದ್ದದ ಮೇಲಿತ್ತು.

ಆ ವರ್ಷಗಳಲ್ಲಿ ನನಗೆ ಕೋಡ್ ಗಾಲ್ಫ್ ಎಂಬ, ಪ್ರೋಗ್ರಾಂ ಬರೆಯುವವರ ಆಟದ ಹುಚ್ಚು ಹಿಡಿದಿತ್ತು. ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದವನು ಗೆದ್ದಂತೆ, ಇಲ್ಲಿ ಕಡಿಮೆ ಅಕ್ಷರಗಳಲ್ಲಿ ಕೆಲಸ ಮುಗಿಸಿದವನು ಗೆಲ್ಲುತ್ತಾನೆ. ಅಕ್ಷರಗಳ ಗಾತ್ರ ಬದಲಿಸುವುದು ಈ ಆಟದ ಹಳೆಯ ಪಂದ್ಯಗಳಲ್ಲೊಂದು. ಎಲ್ಲವನ್ನೂ ದೊಡ್ಡದು ಮಾಡು, ಎಲ್ಲವನ್ನೂ ಸಣ್ಣದು ಮಾಡು, ದೊಡ್ಡದನ್ನು ಸಣ್ಣದಕ್ಕೂ ಸಣ್ಣದನ್ನು ದೊಡ್ಡದಕ್ಕೂ ಅದಲು ಬದಲು ಮಾಡು, ಪ್ರತಿ ಪದದ ಮೊದಲಕ್ಷರವನ್ನು ಮಾತ್ರ ಎತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಓದಿ, ಸ್ವಾಪ್‌ಕೇಸ್, ಅಂದರೆ ಆ ಅದಲು ಬದಲು, ಮಾಡಿ, ಮುದ್ರಿಸಲು 25 ಅಕ್ಷರ ಸಾಕು. ಅಂಥದ್ದೇ ಇನ್ನೊಂದು ಭಾಷೆ ಪರ್ಲ್‌ಗೆ ‘ಪ್ರತಿ ಸಾಲನ್ನೂ ನೀನೇ ಓದಿ ನೀನೇ ಮುದ್ರಿಸು’ ಎಂಬ ಸೂಚನೆ ಕೊಟ್ಟರೆ ಉಳಿಯುವ ಪ್ರೋಗ್ರಾಂ ಇಷ್ಟೇ: ಡಾಲರ್, ಅಡಿಗೆರೆ, ಸಮ ಚಿಹ್ನೆ, ಯು, ಸಿ. ಐದು ಹೊಡೆತಕ್ಕೆ ಇಡೀ ಫೈಲು ದೊಡ್ಡಕ್ಷರ. ವಿಮ್ ಎಡಿಟರಿನಲ್ಲಿ ಕರ್ಸರನ್ನು ಅಕ್ಷರದ ಮೇಲಿಟ್ಟು ಅಲೆಗೆರೆಯ ಕೀಲಿ ಒತ್ತಿದರೆ ಅದು ಮಗ್ಗುಲು ಬದಲಿಸುತ್ತದೆ. ಈ ಆಟಕ್ಕಾಗಿಯೇ ಹುಟ್ಟಿದ ಜೆಲ್ಲಿ ಎಂಬ ಭಾಷೆಯಲ್ಲಿ ಅದಲು ಬದಲಿಗೆ ಎರಡು ಬೈಟ್, ಅಂದರೆ ಎರಡೇ ಅಕ್ಷರದ ಜಾಗ.

ಎರಡು ಬೈಟಿನ ಉತ್ತರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಭಾಷೆ ಕಟ್ಟಿದವರು ಮೊದಲೇ ಬೇಯಿಸಿಟ್ಟದ್ದನ್ನು ಬಡಿಸಿದ ಹಾಗೆ ಅದು. ನನ್ನನ್ನು ಕಟ್ಟಿಹಾಕಿದ್ದು ಇನ್ನೊಂದು ಬಗೆಯ ಚಿಕ್ಕತನ. ಸಿದ್ಧ ಫಂಕ್ಷನ್ ಯಾವುದೂ ಬೇಡ, ಅಕ್ಷರದ ಸಂಖ್ಯೆಯನ್ನೇ ಹಿಡಿದು ತಿರುಗಿಸು ಎನ್ನುವಂಥದ್ದು.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಕೋಷ್ಟಕದಲ್ಲಿ ದೊಡ್ಡ ಎ 65, ಸಣ್ಣ ಎ 97. ದೊಡ್ಡ ಝಡ್ 90, ಸಣ್ಣದು 122. ಎಲ್ಲೇ ಹಿಡಿದರೂ ನಡುವಿನ ಅಂತರ 32. ಈ 32 ಎಂಬುದು ಎರಡರ ಘಾತ, ಅಂದರೆ ಒಂದೇ ಒಂದು ಬಿಟ್. ಏಳು ದೀಪಗಳ ಒಂದು ಸಾಲು ಅಂದುಕೊಳ್ಳಿ. ಅದರಲ್ಲಿ ಒಂದು ನಿರ್ದಿಷ್ಟ ದೀಪ ಉರಿಯುತ್ತಿದ್ದರೆ ಸಣ್ಣಕ್ಷರ, ಆರಿದ್ದರೆ ದೊಡ್ಡಕ್ಷರ. ಉಳಿದ ಆರು ದೀಪಗಳು ಎರಡಕ್ಕೂ ಒಂದೇ. ಇದು ಆಕಸ್ಮಿಕವಲ್ಲ. 1963ರಲ್ಲಿ ಆಸ್ಕಿ ಮೊದಲು ಪ್ರಕಟವಾದಾಗ ಅದರಲ್ಲಿ ಸಣ್ಣಕ್ಷರಗಳೇ ಇರಲಿಲ್ಲ, ಆ ಮನೆಗಳು ಖಾಲಿ ಇದ್ದವು. 1967ರ ಆವೃತ್ತಿಯಲ್ಲಿ ಅವುಗಳನ್ನು ತುಂಬಿದಾಗ ಪ್ರತಿ ಸಣ್ಣಕ್ಷರವೂ ತನ್ನ ದೊಡ್ಡಕ್ಷರದಿಂದ ಸರಿಯಾಗಿ 32 ಮನೆ ಆಚೆ ಕೂತಿತು. ಆ ಕಾಲದ ಯಂತ್ರಗಳಿಗೆ ಇದರಿಂದ ಸಲೀಸು. ಶಿಫ್ಟ್ ಒತ್ತಿದರೆ ಒಂದು ಬಿಟ್ ಬದಲಾದರೆ ಸಾಕು.

ಸಣ್ಣಕ್ಷರವೇ ಇಲ್ಲದ ಕಾಲದ ನೆರಳು ಬಹಳ ದಿನ ಉಳಿದಿತ್ತು. ಟೆಲಿಟೈಪ್ ಮಾಡೆಲ್ 33 ಎಂಬ ಟರ್ಮಿನಲ್, ಅಂದರೆ ಕಂಪ್ಯೂಟರಿಗೆ ಜೋಡಿಸುವ ಟೈಪ್ ಯಂತ್ರ, ಮುದ್ರಿಸುತ್ತಿದ್ದುದು ದೊಡ್ಡಕ್ಷರಗಳನ್ನು ಮಾತ್ರ. ಅದಕ್ಕಾಗಿ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಹಳೆಯ ಯುನಿಕ್ಸ್‌ನಲ್ಲಿ ಒಂದು ಏರ್ಪಾಡಿತ್ತು. ಲಾಗಿನ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟರೆ, ‘ಪಾಪ, ಇವರ ಟರ್ಮಿನಲ್ಲಿಗೆ ಸಣ್ಣಕ್ಷರ ಬರುವುದಿಲ್ಲ’ ಎಂದು ತಿಳಿದು ಯಂತ್ರ ಅಲ್ಲಿಂದ ಮುಂದೆ ಬರುವುದನ್ನೆಲ್ಲ ತಾನೇ ಸಣ್ಣದು ಮಾಡಿಕೊಳ್ಳುತ್ತಿತ್ತು. ಕಿವಿ ಮಂದವಾದವರ ಹತ್ತಿರ ದನಿ ಎತ್ತರಿಸಿ ಮಾತಾಡುವ ಮನೆಮಂದಿಯ ಹಾಗೆ.

ಇನ್ನು ಆ ಕೋಷ್ಟಕದ ನನಗೆ ಬಹಳ ಪ್ರಿಯವಾದ ಸಂಗತಿ. 32 ಎಂಬ ಸಂಖ್ಯೆಯ ಮನೆಯಲ್ಲಿ ಯಾರಿದ್ದಾರೆ? ಖಾಲಿ ಜಾಗ. ಎರಡು ಪದಗಳ ನಡುವೆ ಬಿಡುವ ಖಾಲಿ ಜಾಗದ ಸಂಕೇತವೇ 32. ಆದ್ದರಿಂದ ಸಿ ಭಾಷೆಯಲ್ಲಿ ಒಂದು ಅಕ್ಷರವನ್ನು ಖಾಲಿ ಜಾಗದ ಜೊತೆ ಎಕ್ಸಾರ್ ಮಾಡಿದರೆ, ಅಂದರೆ ಖಾಲಿ ಜಾಗದಲ್ಲಿ ಉರಿಯುವ ದೀಪವನ್ನು ಆ ಅಕ್ಷರದಲ್ಲಿ ತಿರುಗಿಸಿದರೆ, ದೊಡ್ಡದು ಸಣ್ಣದಾಗುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಐಬಿಎಂನ ದೊಡ್ಡ ಯಂತ್ರಗಳು ಬಳಸುವ ಎಬ್ಸಿಡಿಕ್ ಕೋಷ್ಟಕ ಬೇರೆಯೇ. ಅಲ್ಲಿ ದೊಡ್ಡ ಎ 193, ಸಣ್ಣ ಎ 129. ಅಂತರ 64, ಸಣ್ಣಕ್ಷರಗಳೇ ಮೊದಲು. ಅಲ್ಲಿ ಖಾಲಿ ಜಾಗದ ಸಂಖ್ಯೆ ಎಷ್ಟು ಗೊತ್ತೇ? 64. ಅದೇ ಸಾಲು ಅಲ್ಲೂ ನಡೆಯುತ್ತದೆ! ಇದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಬೇರೆ ಬೇರೆ ಮನೆತನಗಳಲ್ಲಿ ಏನೂ ಬರೆಯದ ಜಾಗವೇ ಬೀಗದ ಕೈಯಾಗಿ ಕೂತಿದೆ.

ಅಕ್ಷರವಲ್ಲದವುಗಳ ಮೇಲೆ ಇದೇ ತಂತ್ರ ಓಡಿಸಿದರೆ ಚದರ ಕಂಸ ಹೂಕಂಸವಾಗುತ್ತದೆ, ಹಿಂದೋರೆ ಗೆರೆ ನೆಟ್ಟಗೆ ನಿಂತ ಗೆರೆಯಾಗುತ್ತದೆ. ಫಿನ್ಲೆಂಡಿನಲ್ಲಿ 1988ರಲ್ಲಿ ಹುಟ್ಟಿದ ಐಆರ್‌ಸಿ ಹರಟೆ ವ್ಯವಸ್ಥೆಯ ನಿಯಮಗಳಲ್ಲಿ ಹೂಕಂಸವನ್ನು ಚದರ ಕಂಸದ ‘ಸಣ್ಣಕ್ಷರ’ ಎಂದೇ ಪರಿಗಣಿಸಿದ್ದಾರೆ. ಅವರ ಏಳು ಬಿಟ್ಟಿನ ಕೋಷ್ಟಕದಲ್ಲಿ ಆ ಮನೆಗಳಲ್ಲಿ ಇದ್ದದ್ದು ಚುಕ್ಕಿ, ಉಂಗುರ ಹೊತ್ತ ಅವರದೇ ಸ್ವರಗಳು. ತಮ್ಮ ಅಕ್ಷರಕ್ಕೆ ಸಿಕ್ಕ ಮನೆಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಒಂದು ದೀಪಕ್ಕೆ ಮೂರು ಕೆಲಸ ಮಾಡಬಹುದು: ಹಚ್ಚಬಹುದು, ಆರಿಸಬಹುದು, ತಿರುಗಿಸಬಹುದು. ತಿರುಗಿಸಿದರೆ ಇನ್ನೊಮ್ಮೆ ತಿರುಗಿಸಿ ಮೊದಲಿನ ಸ್ಥಿತಿಗೆ ಬರಬಹುದು, ಏನೂ ಕಳೆದಿರುವುದಿಲ್ಲ. ಹಚ್ಚುವುದು ಹಾಗಲ್ಲ. ಊರಿನ ದೀಪಗಳನ್ನೆಲ್ಲ ಹಚ್ಚಿದ ಮೇಲೆ ಯಾವ ಮನೆಯದು ಮೊದಲೇ ಉರಿಯುತ್ತಿತ್ತು, ಯಾವುದನ್ನು ನಾವು ಹಚ್ಚಿದೆವು ಎಂದು ಹೇಳುವವರು ಯಾರು? ಬರೆಯುವಾಗ ಎರಡಕ್ಕೂ ಬಹುತೇಕ ಅಷ್ಟೇ ಅಕ್ಷರ, ಪಂದ್ಯದ ಅಂಕವೂ ಅಷ್ಟೇ. ಒಂದಕ್ಕೆ ಹಿಂದಿರುಗುವ ದಾರಿ ಇದೆ, ಇನ್ನೊಂದಕ್ಕೆ ಇಲ್ಲ.

ನನಗೆ ಬೇಕಾಗಿದ್ದದ್ದು ಅತ್ತೆಯ ನೂರಕ್ಕೂ ಹೆಚ್ಚು ಪತ್ರಗಳಿಗೆ ಒಂದು ಪದಸೂಚಿ. ಯಾವ ಪದಾರ್ಥ ಯಾವ ಪತ್ರದಲ್ಲಿದೆ ಎಂದು ಹುಡುಕಲು. ಹುಡುಕುವ ಪ್ರೋಗ್ರಾಂ ಬರೆಯುವ ಯಾರೇ ಆದರೂ ಮೊದಲು ಕೈಹಾಕುವುದು ಒಂದೇ ಕಡೆಗೆ, ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಳ್ಳುವುದು. ಯುನಿಕ್ಸ್‌ನ ಟಿಆರ್ ಆಜ್ಞೆ, ದೊಡ್ಡ ಎ ಇಂದ ಝಡ್, ಸಣ್ಣ ಎ ಇಂದ ಝಡ್. ಹತ್ತು ಅಕ್ಷರ. ಬೆರಳಿಗೆ ಅಭ್ಯಾಸವಾಗಿದ್ದ ಸಾಲು. ಬಂದ ಫಲಿತಾಂಶವನ್ನು ಹಳೆಯ ಫೈಲುಗಳ ಮೇಲೆಯೇ ಬರೆದೆ. ಮೂಲ ಇಮೇಲುಗಳಿದ್ದ ಖಾತೆ ಬಹಳ ದಿನ ಬಳಸದೆ ಮುಚ್ಚಿಹೋಗಿತ್ತು. ಕೆಲವು ವಾರಗಳ ನಂತರ ಒಂದು ಪತ್ರವನ್ನು ಕನ್ನಡಕ್ಕೆ ತಂದು ಓದಿದಾಗಲೇ ತಿಳಿದದ್ದು, ಯುಗಾದಿಗೆ ಅತ್ತೆ ಮಾಡಿದ್ದು ಕಾಯಿ ಹೊಲಿಗೆ ಎಂದು. ಎದೆ ಧಸಕ್ಕೆಂದಿತು.

ಮೊದಲು ಪದಪಟ್ಟಿ ಇಟ್ಟುಕೊಂಡು ಸರಿಪಡಿಸುವ ಪ್ರೋಗ್ರಾಂ ಬರೆದೆ. ಇದು ಚಿಕ್ಕದಾಗಲಿಲ್ಲ, ಕೆಲವು ನೂರು ಸಾಲು ಹಿಡಿಯಿತು. ರೊತ್ತಿ, ಎನ್ನೆ, ಕದುಬು, ಬೆಲ್ಲುಲ್ಲಿ ಎಂಬ ಪದಗಳು ಕನ್ನಡದಲ್ಲಿ ಇಲ್ಲ. ಅವು ರೊಟ್ಟಿ, ಎಣ್ಣೆ, ಕಡುಬು, ಬೆಳ್ಳುಳ್ಳಿಯೇ ಆಗಿರಬೇಕು. ಒಮ್ದು ಎಂದಿದ್ದದ್ದು ಒಂದು ಆಗಲೇಬೇಕು. ಅಪ್ಪೆಹುಲಿಯನ್ನೂ ತಮ್ಬುಲಿಯನ್ನೂ ಯೋಚಿಸದೆ ತಿದ್ದಬಹುದು. ಹೀಗೆ ಬಹುಪಾಲು ಮರಳಿ ಬಂತು. ಉಳಿದದ್ದು ಎರಡೂ ಕಡೆ ಅರ್ಥ ಇರುವ ಪದಗಳು, ಅಲ್ಲಿ ಯಂತ್ರ ಕೈಚೆಲ್ಲಿತು. ಬೆಲೆ ಎಂದು ಕಾಣುವುದು ಮೂಲದಲ್ಲಿ ಬೆಲೆ ಇರಬಹುದು, ಬೆಳೆ ಇರಬಹುದು, ಬೇಳೆಯೂ ಇರಬಹುದು. ತೊಗರಿಯ ಪಕ್ಕ ಆ ಪದ ಬಂದರೆ ಮೂರೂ ಹೊಂದುತ್ತವೆ. ಹತ್ತಿ ಎಂದಿದ್ದರೆ ಹತ್ತಿಯೋ ಹಟ್ಟಿಯೋ? ಬಲೆಯೋ ಬಳೆಯೋ, ಎಲೆಯೋ ಎಳೆಯೋ, ಮನೆಯೋ ಮಣೆಯೋ? ನಮ್ಮ ಭಾಷೆಯಲ್ಲಿ ನಾಲಿಗೆ ಒಂದಿಷ್ಟು ಹಿಂದೆ ಮಡಚಿದರೆ ಲೋಕವೇ ಬೇರೆಯಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ಮಾತಾಡುತ್ತ ಬಂದಿದ್ದರೂ, ಇಷ್ಟು ಹತ್ತಿರದಿಂದ ನಾನು ಕಂಡದ್ದು ಆಗಲೇ.

ಅತ್ತೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. “ನೀನು ಓದು, ನಾನು ಹೇಳ್ತೀನಿ” ಅಂದರು. ಒಂದು ಇಡೀ ಮಳೆಗಾಲ, ಭಾನುವಾರ ಮಧ್ಯಾಹ್ನ, ಒಂದೊಂದೇ ಪತ್ರ ಓದಿದೆವು. “ಅಡಿಕೆ ಬೆಲೆ ಈ ಸಲ ಚೆನ್ನಾಗಿದೆ ಅಂತ ಬರ್ದಿದೀರಿ. ಬೆಲೆಯೋ ಬೆಳೆಯೋ?” “ಯಾವಾಗಿಂದು?” “2005, ಜನವರಿ.” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೊನೆಕೊಯ್ಲು ಮುಗಿಯೋ ಹೊತ್ತು. ಎರಡೂ ಒಟ್ಟಿಗೆ ಚೆನ್ನಾಗಿರೋದು ಕಮ್ಮಿ. ಆ ವರ್ಷ ನಿಮ್ಮ ಮಾವ ಮಾಡಿಗೆ ಹೊಸ ಹಂಚು ಹಾಕ್ಸಿದ್ರು. ಬೆಲೆನೇ ಇರಬೇಕು, ಬರ್ಕೋ.”

ಒಂದು ಬಿಟ್ಟನ್ನು ಸರಿಯಾದ ಕಡೆಗೆ ತಿರುಗಿಸಲು ಮನೆಯ ಮಾಡಿನ ಹಂಚು ಸಾಕ್ಷಿಗೆ ಬರಬೇಕಾಯಿತು.

ಇದು ನಮ್ಮೊಬ್ಬರ ಪಾಡಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಜರ್ಮನಿನಲ್ಲಿ ಅಳತೆಗಳು ಎಂಬರ್ಥದ ಮಾಸೆ, ರಾಶಿ ಎಂಬರ್ಥದ ಮಸ್ಸೆ, ಎರಡೂ ಬೇರೆ ಪದ. ಮೊದಲನೆಯದರ ನಡುವೆ ಇರುವ ಎಸ್‌ತ್ಸೆಟ್ ಎಂಬ ಅಕ್ಷರಕ್ಕೆ ಬಹುಕಾಲ ದೊಡ್ಡ ರೂಪವೇ ಇರಲಿಲ್ಲ. ಅದರ ಜಾಗದಲ್ಲಿ ಎರಡು ಎಸ್ ಬರೆಯುತ್ತಿದ್ದರು. ದೊಡ್ಡಕ್ಷರಕ್ಕೆ ಹೋದ ಕೂಡಲೇ ಎರಡು ಪದವೂ ಒಂದೇ. ದೊಡ್ಡ ಎಸ್‌ತ್ಸೆಟ್‌ಗೆ ಜರ್ಮನ್ ಕಾಗುಣಿತದಲ್ಲಿ ಅಧಿಕೃತ ಜಾಗ ಸಿಕ್ಕಿದ್ದು 2017ರಲ್ಲಿ. ಇಂದಿಗೂ ಪೈಥಾನ್ ಆ ಒಂದು ಅಕ್ಷರವನ್ನು ದೊಡ್ಡದು ಮಾಡಿದರೆ ಎರಡು ಅಕ್ಷರ ಮಾಡಿಕೊಡುತ್ತದೆ. ಟರ್ಕಿಯವರದು ಇನ್ನೂ ನಮ್ಮ ಹಾಗೆ. 1928ರಲ್ಲಿ ಅವರು ರೋಮನ್ ಲಿಪಿಗೆ ಬಂದಾಗ ಚುಕ್ಕಿ ಇರುವ ಐ, ಚುಕ್ಕಿ ಇಲ್ಲದ ಐ ಎಂದು ಎರಡು ಸ್ವರ ಮಾಡಿಕೊಂಡರು. ಅಲ್ಲಿ ಸಣ್ಣ ಐ ದೊಡ್ಡದಾದರೂ ಚುಕ್ಕಿ ತಲೆಯ ಮೇಲೆಯೇ ಇರಬೇಕು. ಇಂಗ್ಲಿಷಿನ ರೂಢಿ ನೆಚ್ಚಿ ಬರೆದ ಸಾಲುಗಳು ಅಲ್ಲಿ ಹೋಗಿ ಎಡವುತ್ತವೆ. ಚಿಕ್ಕ ಪ್ರೋಗ್ರಾಂ ಚಿಕ್ಕದಾಗಿರುವುದು ಅದರ ಬುದ್ಧಿಯಿಂದ ಅಲ್ಲ. ಒಂದು ಭಾಷೆಯವರು ತಮ್ಮ ಅಕ್ಷರಗಳನ್ನು ಮೊದಲೇ ಹಾಗೆ ಜೋಡಿಸಿಟ್ಟಿದ್ದರಿಂದ. ಆ ಭಾಷೆಯ ಗಡಿ ದಾಟಿದಾಗ ಸಾಲ ತೀರಿಸಬೇಕಾಗುತ್ತದೆ.

ಕನ್ನಡ ಲಿಪಿಗೆ ಈ ದೊಡ್ಡದು ಸಣ್ಣದು ಇಲ್ಲವೇ ಇಲ್ಲ. ನಾವು ಐದನೇ ತರಗತಿಯಲ್ಲಿ ನಾಲ್ಕು ಗೆರೆ ಕಾಪಿಯಲ್ಲಿ ದೊಡ್ಡ ಎಬಿಸಿಡಿ ಬರೆದು ಮುಗಿಸಿದ ಮೇಲೆ ಟೀಚರ್ ಸಣ್ಣ ಎಬಿಸಿಡಿ ಶುರುಮಾಡಿದಾಗ, ‘ಒಂದೇ ಅಕ್ಷರಕ್ಕೆ ಎರಡು ರೂಪ ಯಾಕೆ ಬೇಕು’ ಎಂದು ಅನಿಸಿದ್ದು ನನಗಿನ್ನೂ ನೆನಪಿದೆ. ಅಚ್ಚುಕೂಟದಲ್ಲಿ ಮೊಳೆಗಳನ್ನು ಇಡುವ ಎರಡು ಪೆಟ್ಟಿಗೆಗಳಲ್ಲಿ ಮೇಲಿನದರಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ ಇದ್ದದ್ದರಿಂದ ಇಂಗ್ಲಿಷಿನಲ್ಲಿ ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರು ಬಂತು. ಕನ್ನಡದ ಮೊಳೆ ಜೋಡಿಸುವವರ ಕಷ್ಟವೇ ಬೇರೆ, ಒತ್ತಕ್ಷರಗಳದು. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ನಮ್ಮ ಅಕ್ಷರಗಳನ್ನು ಹಾಕಿರುವ ವರ್ಗದ ಹೆಸರು ‘ಇತರ ಅಕ್ಷರ’. ಪೈಥಾನಿನಲ್ಲಿ ಕ ದೊಡ್ಡಕ್ಷರವೇ ಎಂದು ಕೇಳಿದರೆ ಅಲ್ಲ, ಸಣ್ಣಕ್ಷರವೇ ಎಂದರೆ ಅದೂ ಅಲ್ಲ. ಅದಲು ಬದಲು ಮಾಡು ಎಂದರೆ ಕ ಅಲುಗಾಡದೆ ಕ ಆಗಿಯೇ ಮರಳುತ್ತದೆ. ಅತ್ತೆ ಕನ್ನಡ ಲಿಪಿಯಲ್ಲೇ ಬರೆದು, ಅದು ನನಗೆ ಹಾಗೆಯೇ ತಲುಪಿದ್ದರೆ, ನನ್ನ ಹತ್ತು ಅಕ್ಷರಗಳು ಅದರ ಒಂದು ಕೊಂಬನ್ನೂ ಮುಟ್ಟಲಾಗುತ್ತಿರಲಿಲ್ಲ.

ಪತ್ರಗಳು ಕನ್ನಡಕ್ಕೆ ಬಂದ ಮೇಲೆ ಇನ್ನೊಂದು ಕೆಲಸ ಹುಟ್ಟಿತು. ಅತ್ತೆಯ ಸೊಸೆ ಗುಂಟೂರಿನ ಕಡೆಯವರು. ಮದುವೆಯಾಗಿ ಬಂದು ಕನ್ನಡ ಚೆನ್ನಾಗಿ ಕಲಿತಿದ್ದಾರೆ, ಮಾತಿನಲ್ಲಿ. ಓದಲು ಬರುವುದು ತೆಲುಗು ಲಿಪಿ. ಈ ಅಡುಗೆಗಳನ್ನು ನನಗೆ ಓದುವ ಹಾಗೆ ಮಾಡಿಕೊಡಿ ಎಂದು ಕೇಳಿದರು. ನಾನು ಯುನಿಕೋಡ್ ಕೋಷ್ಟಕ ತೆರೆದೆ. ಕನ್ನಡದ ಕ 3221ನೆಯ ಮನೆ. ತೆಲುಗಿನ ಕ 3093. ಅಂತರ 128. ಖ, ಗ, ಳ, ಇಳಿ, ಏತ್ವ, ಅಂಕೆಗಳು, ಹಿಡಿದು ನೋಡಿದ ಕಡೆಯೆಲ್ಲ 128. ಮತ್ತೆ ಒಂದೇ ಬಿಟ್.

ಇದೂ ಯಾರೋ ಕೂತು ಜೋಡಿಸಿದ್ದೇ. ಭಾರತದ ಲಿಪಿಗಳಿಗೆಲ್ಲ ಒಂದೇ ಸಾಮಾನ್ಯ ಜೋಡಣೆ ಇರಲಿ ಎಂದು ಇಸ್ಕಿ ಎಂಬ ಸಂಕೇತಪದ್ಧತಿಯನ್ನು ಇಲ್ಲಿ ರೂಪಿಸಿದ್ದರು. ಅದರ 1988ರ ರೂಪವನ್ನೇ ಯುನಿಕೋಡ್ ಮಾದರಿಯಾಗಿ ಇಟ್ಟುಕೊಂಡಿತು. ಹಾಗಾಗಿ ದೇವನಾಗರಿಯಿಂದ ಮಲಯಾಳದವರೆಗೆ ಒಂದೊಂದು ಲಿಪಿಗೂ 128 ಮನೆಗಳ ಒಂದೊಂದು ಕೇರಿ, ಪ್ರತಿ ಕೇರಿಯಲ್ಲೂ ಕ ಇರುವುದು ಅದೇ ಸಂಖ್ಯೆಯ ಮನೆಯಲ್ಲಿ. ಅದರಲ್ಲೂ ತೆಲುಗು ಕನ್ನಡದ ಕೇರಿಗಳು ಅಕ್ಕಪಕ್ಕ, ನಡುವೆ ಒಂದೇ ದೀಪದ ಅಂತರ. ಒಂದೇ ಬೇರಿನಿಂದ ಬಂದ ಎರಡು ಲಿಪಿಗಳ ನಂಟು ಅಂಕಿಯಲ್ಲೂ ಉಳಿದಿದೆ. ಇಂಗ್ಲಿಷಿಗೆ 32 ಏನೋ, ನಮ್ಮಿಬ್ಬರಿಗೆ 128 ಅದು.

ಮೊದಲ ಸಲ ಪ್ರತಿ ಅಕ್ಷರವನ್ನೂ ಕಣ್ಣುಮುಚ್ಚಿ 128ರ ಜೊತೆ ಎಕ್ಸಾರ್ ಮಾಡಿದೆ. ಕನ್ನಡವೆಲ್ಲ ತೆಲುಗಾಯಿತು. ಪೂರ್ಣವಿರಾಮ ಇದ್ದಲ್ಲೆಲ್ಲ ವೃತ್ತದೊಳಗಿನ ಆರ್, ನೋಂದಾಯಿತ ಮುದ್ರೆಯ ಚಿಹ್ನೆ ಬಂತು. ಸೊನ್ನೆಗಳು ಡಿಗ್ರಿಯ ಗುರುತಾದವು. ಖಾಲಿ ಜಾಗ 32ರಿಂದ 160ಕ್ಕೆ ಹಾರಿತು. ಅಲ್ಲಿರುವುದು ಸಾಲು ಮುರಿಯಬಾರದ ಖಾಲಿ ಜಾಗ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕುಕ್ಕರ್‌ನಲ್ಲಿ ಎಂಬಂಥ ಪದಗಳಲ್ಲಿ ರ್ ಮತ್ತು ನ ಕೂಡಿಕೊಳ್ಳದಂತೆ ತಡೆಯುವ ಕಾಣದ ಅಕ್ಷರ ಒಂದು ಪುಟಾಣಿ ಸಮ ಚಿಹ್ನೆಯಾಗಿ ಹೊರಬಂತು. ನೋಡಲು ಹದಗೆಟ್ಟಿತ್ತು. ಆದರೂ ನನಗೆ ಭಯವಾಗಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಓಡಿಸಿದೆ. ಅತ್ತೆಯ ಕನ್ನಡ, ಒಂದು ಚುಕ್ಕಿಯೂ ಕೆಡದೆ, ವಾಪಸ್ ಬಂದು ನಿಂತಿತು. ಆ ಸಂಜೆ ನಾನು ಅದನ್ನು ಹತ್ತಾರು ಸಲ ಓಡಿಸಿದೆ: ಕನ್ನಡ, ತೆಲುಗು, ಕನ್ನಡ, ತೆಲುಗು. ಆಮೇಲೆ ಕನ್ನಡದ ಕೇರಿಯ ಮನೆಗಳನ್ನು ಮಾತ್ರ ಮುಟ್ಟು ಎಂದು ಒಂದು ಷರತ್ತು ಸೇರಿಸಿದೆ. ಹತ್ತಿಪ್ಪತ್ತು ಅಕ್ಷರ ಜಾಸ್ತಿಯಾಯಿತು. ಎಣಿಸಲಿಲ್ಲ.

ಅಡುಗೆಗಳ ತೆಲುಗು ಪ್ರತಿ ಗುಂಟೂರಿನ ಅವರ ತಾಯಿಯ ಮನೆಗೂ ಹೋಗಿದೆಯಂತೆ. ಭಾಷೆ ಕನ್ನಡ, ಲಿಪಿ ತೆಲುಗು. ಜೋರಾಗಿ ಓದಿಕೊಂಡರೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಮಗಳಿಗೆ ಫೋನ್ ಮಾಡಿ ಕೇಳುತ್ತಾರಂತೆ.

ಒಂದು ಪದ ಮಾತ್ರ ಉಳಿದುಕೊಂಡಿದೆ. ಮೆಂತೆ ತಂಬುಳಿಯ ಪತ್ರದಲ್ಲಿ, ತುಪ್ಪದಲ್ಲಿ ಹುರಿಯಬೇಕಾದವುಗಳ ಸಾಲಿನಲ್ಲಿ, ‘ಮೆಂತೆ ಕಾಲು ಚಮಚ’ ಎಂದಿದೆ. ಮುಂದೆ ‘ಜೀರಿಗೆ ಚಮಚ’ ಎಂದಿದೆ. ಒಂದು ಎಂಬುದನ್ನು ಬರೆಯದೆ ಬಿಡುವುದು ಅತ್ತೆಯ ರೂಢಿ. ಆದ್ದರಿಂದ ಅದು ಕಾಲು ಚಮಚ ಮೆಂತೆ ಆಗಿರಬಹುದು, ಒಂದು ಚಮಚ ಮೆಂತೆಕಾಳೂ ಆಗಿರಬಹುದು. ಒಂದಕ್ಕೆ ಇನ್ನೊಂದು ನಾಲ್ಕು ಪಟ್ಟು. ಅತ್ತೆಯನ್ನು ಕೇಳಿದರೆ, “ಕೈಯಳತೆ ಕಣೋ, ಚಮಚ ಅಂತ ಬರ್ದಿದ್ದು ನಿನಗೋಸ್ಕರ” ಅಂದರು. ಹೋದ ಸಲ ಊರಿಗೆ ಹೋದಾಗ ಸೊಸೆ ಎರಡು ಪಾತ್ರೆಯಲ್ಲಿ ಎರಡು ಥರ ಮಾಡಿದರು. ಒಂದು ಚಮಚದ್ದು ಕಹಿಯಾಗಿತ್ತು. ಅತ್ತೆ ಕಾಲು ಚಮಚದ್ದನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ನೋಡಿ, “ಇನ್ನೊಂಚೂರು ಮೆಂತೆ ಬೇಕಿತ್ತು” ಅಂದರು. ಫೈಲಿನಲ್ಲಿ ಆ ಪದವನ್ನು ನಾನಿನ್ನೂ ತಿದ್ದಿಲ್ಲ, ಸಣ್ಣ ಎಲ್ ಹಾಗೆಯೇ ಇದೆ.